ರಸ್ತೆ ಮೇಲಿನ ರಾಗಿ

ಬಿಸಿ ಡಾಂಬರಿನ ವಾಸನೆ ಬಂದರೆ, ಚಿಕ್ಕಂದಿನಿಂದ ಊರವರ ದನಿಯನ್ನೆಲ್ಲ ಅಣಕಿಸುತ್ತ ಬಂದ ನನ್ನಂಥ ಬಾಯಿಬಡುಕನೂ ಸುಮ್ಮನಾಗುತ್ತಾನೆ.

ನಾನಿನ್ನೂ ಹುಡುಗ; ಯಲಹಂಕದಾಚೆಯ ನಮ್ಮೂರಿನ ಮಣ್ಣುದಾರಿಗೆ ಡಾಂಬರು ಬಿದ್ದ ಮಾರನೆಯ ದಿನ, ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಅಜ್ಜಿ ವರ್ಷದ ರಾಗಿ ತೆನೆಯನ್ನೆಲ್ಲ ಅದರ ಮೇಲೆ ಹರಡಿದಳು. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಬೆಲ್ಲದ ಪಾಕದಂತೆ ಕರಗಿ ಕಾಳನ್ನು ಕಚ್ಚಿಕೊಳ್ಳತೊಡಗಿತು. ಅಷ್ಟರಲ್ಲಿ ಡಾಂಬರು ಅದುಮುವ ರೋಲರ್ ವಾಪಸು ಬಂತು.

"ಲೋ, ಆ ಇಂಜಿನಿಯರ್ ದನೀಲಿ ಕೂಗ್ಲಾ, ನಿಲ್ಲಿಸ್ಲಾ ಅದ್ನ!" ಎಂದು ಅಜ್ಜಿ ಚೀರಿದಳು.

"ಏಯ್, ನಿಲ್ಸಯ್ಯ!" ಎಂದು ರಸ್ತೆ ಕೆಲಸದ ಇಂಜಿನಿಯರ್‌ನಂತೆಯೇ ಮೂಗಿನಲ್ಲಿ ಕೂಗಿದೆ.

ವಾರವಿಡೀ ನನ್ನ ಆ ದನಿಗೆ ಏಮಾರಿ, ಇಂಜಿನಿಯರೇ ಕೂಗಿದನೆಂದು ರೋಲರ್ ನಿಲ್ಲಿಸುತ್ತಿದ್ದ ಡ್ರೈವರ್ ನಕ್ಕ. "ಇವತ್ತು ಏಮಾರಲ್ಲ ಮಗಾ. ನಿಮ್ ರಾಗಿ ನಾನೇ ತುಳಿಸ್ಕೊಡ್ತೀನಿ."

ನಾನು ನನ್ನ ಸ್ವಂತ ದನಿಯಲ್ಲೇ ಅಳತೊಡಗಿದೆ.

ಅವನು ತೆನೆಯ ಮೇಲೆ ರೋಲರ್ ಹತ್ತಿಸುತ್ತಾ, "ಇದ್ಯಾರ್ ದನಿ ಗುರು?" ಅಂದ.