ಲಾಠಿಯ ಗುರುತು

"ಆ ತಗ್ಗು ಯಾಕೆ ಬಿಟ್ಟೆ ಮಾರಾಯ?" ಎಂದ ಗಿರಾಕಿ ಹ್ಯಾಸ್ಕೆಲ್, ಹಳೆಯ ಗಿಟಾರೊಂದರ ನಕಲಾಗಿ ವರ್ಲನ್ ಮಾಡಿಕೊಟ್ಟ ಹೊಸ ಗಿಟಾರನ್ನು ತಿರುಗಿಸಿ ನೋಡುತ್ತ. "ಸಿಗರೇಟಿನ ಸುಟ್ಟ ಕಲೆ, ಮೊಣಕೈ ಸವೆತ, ಎಲ್ಲಾ ಹಳೇದರ ಹಾಗೇ ಇದೆ. ಅದೊಂದಿಲ್ಲ."

ಆ ಹಳೆಯ ಗಿಟಾರು ವರ್ಲನ್‌ನ ಚಿಕ್ಕಪ್ಪನದು. ಮೆಂಫಿಸ್‌ನ ಈ ಕೆಲಸದ ಕೋಣೆಯ ಗೋಡೆಯ ಮೇಲೇ ಇತ್ತು. "ಅದು ಪೊಲೀಸರ ಲಾಠಿ ಏಟು ಸಾರ್," ಎಂದ ವರ್ಲನ್. "ಕಪ್ಪು ಮನುಷ್ಯ ಬಿಳಿಯರ ಕ್ಲಬ್ಬಿಗೆ ಮುಂಬಾಗಿಲಿಂದ ಬಂದ ಅಂತ ಹೊಡೆದದ್ದು."

"ಗೊತ್ತಪ್ಪಾ. ಮನೆಗೆ ಬಂದೋರಿಗೆ ಹೇಳೋಕೆ ಒಂದು ಕಥೆ ಬೇಡ್ವಾ? ಸ್ವಲ್ಪ ಆಳವಾಗೇ ಹೊಡಿ."

ಮರಕ್ಕೆ ವಯಸ್ಸು ತರಿಸಲು ಬಡಿಯುವ ಕೀಲಿಗೊಂಚಲನ್ನು ವರ್ಲನ್ ಪಕ್ಕಕ್ಕಿಟ್ಟು, ಮೂಲೆಯಲ್ಲಿದ್ದ ದಪ್ಪ ಕೋಲನ್ನು ಎತ್ತಿಕೊಂಡ. "ಆಗ್ಲಿ ಸಾರ್. ಗಿಟಾರನ್ನ ಮುಖಕ್ಕೆ ಅಡ್ಡ ಹಿಡ್ಕೊಳ್ಳಿ. ಚಿಕ್ಕಪ್ಪ ಹಿಡಿದದ್ದು ಹಾಗೇ."

ಹ್ಯಾಸ್ಕೆಲ್‌ನ ಕೈ ಮೇಲೇಳಲಿಲ್ಲ.