ಹಲಸೂರಿನಲ್ಲಿ ನಾನು ಚೆಲ್ಲಿದ ನೀರು

ತಾಮ್ರಕ್ಕೆ ಹುಣಸೆಹಣ್ಣು ತಿಕ್ಕಿದ ವಾಸನೆ ಬಂದರೆ ನನಗೆ ಈಗಲೂ ಹಲಸೂರಿನ ಅತ್ತೆಯ ಮನೆ ನೆನಪಾಗುತ್ತದೆ, ಮಕ್ಕಳೇ.

ಮೂರನೇ ಕ್ಲಾಸು ಮುಗಿಸಿ ಬೇಸಿಗೆ ರಜಕ್ಕೆ ಹಳ್ಳಿಯಿಂದ ಅಲ್ಲಿಗೆ ಹೋಗಿದ್ದೆ. ನಮ್ಮ ಹಳ್ಳಿಯಲ್ಲಿ ನಿನ್ನೆಯ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಕೊಡ ಬರಿದು ಮಾಡಿ, ತಿಕ್ಕಿ, ಬಾವಿಯಿಂದ ಹೊಸ ನೀರು ತರುತ್ತಿದ್ದೆವು. ಅತ್ತೆಯ ಅಡುಗೆಮನೆಯ ಮೂಲೆಯಲ್ಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಎರಡು ತಾಮ್ರದ ಕೊಡಗಳಲ್ಲಿ ಹಿಂದಿನ ದಿನದ ನೀರಿತ್ತು. ಒಂದು ಮಧ್ಯಾಹ್ನ ಅತ್ತೆ ಮಗುವನ್ನು ಮಲಗಿಸುತ್ತಿದ್ದಾಗ, ಅವರಿಗೆ ಸಹಾಯವಾಗಲೆಂದು ಅದನ್ನೆಲ್ಲ ಮಲ್ಲಿಗೆ ಬಳ್ಳಿಗೆ ಸುರಿದು, ಕೊಡಗಳನ್ನು ಫಳಫಳ ಹೊಳೆಯುವಂತೆ ತಿಕ್ಕಿದೆ. ಆಮೇಲೆ ನಲ್ಲಿ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ.

ಅತ್ತೆ ಬಂದು ನೋಡಿ ಅಲ್ಲೇ ಕುಳಿತುಬಿಟ್ಟರು. "ಅಯ್ಯೋ ಕೂಸೇ, ಪೈಪು ರಿಪೇರಿ ಅಂತ ಎರಡು ದಿನ ನೀರು ಬಿಡಲ್ಲ. ಕುಡಿಯೋಕೆ ಅಂತ ಇಟ್ಟಿದ್ದೇ ಅದು ಕಣೇ."

ನನ್ನನ್ನು ಊರಿಗೆ ಕಳಿಸಿಬಿಡುತ್ತಾರೆಂದು ನಾನು ಅಳತೊಡಗಿದೆ. ಅಳು ಕೇಳಿ ಬಂದ ಪಕ್ಕದ ಮನೆಯ ಸೆಲ್ವಿಯಕ್ಕ ವಿಷಯ ತಿಳಿದು, ತಮ್ಮಲ್ಲಿದ್ದ ಒಂದು ಕೊಡ ನೀರನ್ನು ತಂದುಕೊಟ್ಟರು. "ಏನಮ್ಮಾ, ಮಲ್ಲಿಗೆಗೆ ಅಷ್ಟೊಂದು ಬಾಯಾರಿಕೆನಾ?" ಎಂದರು. ಅತ್ತೆಗೂ ನಗು ಬಂತು.

ನೀರು ಬಿಟ್ಟ ದಿನ ಅತ್ತೆ ನನ್ನನ್ನೇ ಕರೆದರು. "ನೀನೇ ಹಿಡಿ. ಬಟ್ಟೆ ಕಟ್ಟು, ಒಳಗೆ ಕೈ ಅದ್ದಬೇಡ. ನಾಲ್ಕು ದಿನಕ್ಕೊಂದ್ಸಲ ತೊಳೆದು ತುಂಬು. ಆದ್ರೆ ನಲ್ಲೀಲಿ ಬರ್ತಿದೆಯಾ ನೋಡ್ಕೊಂಡು ಚೆಲ್ಲು, ತಾಯಿ."

ರಜ ಮುಗಿಯುವವರೆಗೂ ಆ ಮನೆಯವರೆಲ್ಲ ನಾನು ತುಂಬಿಟ್ಟ ನೀರನ್ನೇ ಕುಡಿದರು.