ಉಕ್ಕುವ ಹಾಲಿನ ಲೆಕ್ಕ

ಕಬ್ಬಿನ ಹಾಲು ಹೊಸ ಸ್ಟೀಲ್ ಕೊಪ್ಪರಿಗೆಯ ಅಂಚು ದಾಟಿ ನೊರೆನೊರೆಯಾಗಿ ಸುರಿಯತೊಡಗಿದಾಗ ವೀಣ ಇನ್ನೂ ಮೀಟರು, ಕೈಗಡಿಯಾರ ನೋಡಿಕೊಂಡು ನಿಮಿಷ ಬರೆಯುತ್ತಿದ್ದಳು. "ಅತ್ಲಾಗೋಗವ್ವಾ!" ಎಂದು ಕೂಗಿದ ಕೆಲಸಗಾರ ಮಾದಯ್ಯ ಅವಳನ್ನು ಪಕ್ಕಕ್ಕೆ ತಳ್ಳಿ, ಕುದಿಯುವ ನೊರೆಯ ಕೆಳಗೇ ಕೈ ಹಾಕಿ ಸ್ಟೀಮ್ ವಾಲ್ವು ತಿರುಗಿಸಿದ. ನೊರೆ ಇಳಿಯಿತು. ಅಷ್ಟರಲ್ಲಿ ಅವನ ಬಲಗೈ ಮೊಣಕೈವರೆಗೂ ಬೆಂದುಹೋಗಿತ್ತು.

ಬೆಸಗರಹಳ್ಳಿ ರಸ್ತೆಯ ಆ ಬೆಲ್ಲದ ಪುಡಿ ಕಾರ್ಖಾನೆಯಲ್ಲಿ ಅದು ಕೊಪ್ಪರಿಗೆಯ ಮೊದಲ ಪರೀಕ್ಷೆ. ವೀಣಳಿಗೆ ಅದು ಮೊದಲ ವಿನ್ಯಾಸ. ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿ ಸೇರಿ ಐದು ತಿಂಗಳಾಗಿತ್ತು. ಕೆಲಸ ಕಾಯಂ ಆಗುವುದು ಬಿಡುವುದು ಈ ಕೊಪ್ಪರಿಗೆಯ ಕೈಯಲ್ಲಿತ್ತು. ನಲವತ್ತು ಪುಟದ ರಿಪೋರ್ಟ್ ಬರೆದಿದ್ದಳು. ತಗಡಿನ ದಪ್ಪ, ಸ್ಟೀಮಿನ ಒತ್ತಡ, ಬೇಕಾದ ಶಾಖ, ಒಂದೊಂದಕ್ಕೂ ಲೆಕ್ಕ ಕೊಟ್ಟಿದ್ದಳು.

ಅವಳ ಮೇಲಿನ ಇಂಜಿನಿಯರ್ ರಘುನಂದನ್ ಆಫೀಸಿನ ಬಾಗಿಲು ಹಾಕಿ, ಅಪಘಾತದ ಫಾರಂ ಅವಳ ಮುಂದೆ ತಳ್ಳಿದ.

"ಸಂಜೆ ಐದಕ್ಕೆ ಮಾಲೀಕರು ಬರ್ತಾರೆ. ಕಾರಣ ಅನ್ನೋ ಕಡೆ ಬರಿ, ಕೆಲಸಗಾರ ಸ್ಟೀಮ್ ಜಾಸ್ತಿ ಬಿಟ್ಟ ಅಂತ."

"ನಾನು ಹೇಳಿದಷ್ಟೇ ಬಿಟ್ಟಿದ್ದು ಸರ್. ಮೀಟರ್ ನಾನೇ ನೋಡ್ತಿದ್ದೆ."

"ನಿನ್ನ ರಿಪೋರ್ಟಿನ ಕೆಳಗೆ ಪರಿಶೀಲಿಸಿದವರು ಅಂತ ನನ್ನ ಸಹಿ ಇದೆ. ಸುಮ್ನೆ ಬರಿಯಮ್ಮ. ಮಾದಯ್ಯ ಹೋದ್ರೆ ಇನ್ನೊಬ್ಬ ಬರ್ತಾನೆ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಪಾಠವನ್ನು ರಘುನಂದನ್ ಇಂಜಿನಿಯರಿಂಗಿಗಿಂತ ಚೆನ್ನಾಗಿ ಕಲಿತಿದ್ದ. ನಾಚಿಕೆಗೇಡೆಂದರೆ, ಒಂದು ಕ್ಷಣ ವೀಣಳಿಗೂ ಅದೇ ಸರಿಯೆನಿಸಿತು. ಪೆನ್ನು ಎತ್ತಿಕೊಂಡಳು. ಬರೆಯಲಾಗದೆ ಎದ್ದು ಹೊರಗೆ ಬಂದಳು.

ಮಾದಯ್ಯ ಕೊಳಾಯಿಯ ಕೆಳಗೆ ಕೈಯೊಡ್ಡಿ ಕೂತಿದ್ದ. ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದ ಆಟೋ ಇನ್ನೂ ಬಂದಿರಲಿಲ್ಲ.

"ಮಾದಯ್ಯಣ್ಣ, ಆಲೆಮನೇಲಿ ಕಾಯಿಸುವಾಗ ಹಾಲು ಎಷ್ಟು ಉಕ್ಕುತ್ತೆ?"

"ಹಾಕಿದ್ದರ ಎಲ್ಡರಷ್ಟು ಏಳ್ತದೆ ಕಣವ್ವ. ಒಂದ್ ತೊಟ್ಟು ಅರಳೆಣ್ಣೆ ಬುಟ್ರೆ ಕುಂತ್ಕತದೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಎಷ್ಟ್ ಹಾಲು, ಎಷ್ಟೊತ್ತು ಬೆಂಕಿ ಅಂತ ಕೇಳುದ್ರಿ, ಯೋಳ್ದೆ. ಹಾಲು ಉಕ್ತದೆ ಅಂತ ಓದಿರೋರ್ಗೆ ನಾನೇನವ್ವ ಯೋಳದು?"

ವೀಣಳಿಗೆ ಅಳು ಬಂತು. ಕೊಪ್ಪರಿಗೆಯ ಮೇಲ್ಗಡೆ ಕಾಲು ಭಾಗ ಖಾಲಿ ಬಿಟ್ಟರೆ ಸಾಕು ಎಂಬುದನ್ನು ಅವಳು ಪುಸ್ತಕದಿಂದ ಎತ್ತಿಕೊಂಡಿದ್ದಳು. ಆ ಪುಸ್ತಕ ಹೇಳಿದ್ದು ನೊರೆಯೇಳದ ದ್ರವದ ಮಾತು. ನಲವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲ ತೆಗೆದ ಈ ಮನುಷ್ಯನ ಪಕ್ಕದಲ್ಲೇ ಹದಿನೈದು ದಿನ ನೋಟ್‌ಬುಕ್ ಹಿಡಿದು ನಿಂತಿದ್ದವಳು ಇದೊಂದನ್ನು ಕೇಳಿರಲಿಲ್ಲ.

ಒಳಗೆ ಹೋಗಿ ಒಂದೇ ಉಸಿರಿಗೆ ಬರೆದಳು. 'ಕಾರಣ: ಹಾಲು ಉಕ್ಕುವ ಎತ್ತರವನ್ನು ವಿನ್ಯಾಸದಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ತಪ್ಪು, ವಿನ್ಯಾಸ ಮಾಡಿದ ನನ್ನದು. ಕೆಲಸಗಾರನದಲ್ಲ. ಎತ್ತರ ಹೆಚ್ಚಿಸುವ ತನಕ ಈ ಕೊಪ್ಪರಿಗೆ ಬಳಸಬಾರದು.' ಕೆಳಗೆ ಹೆಸರು, ದಿನಾಂಕ, ರುಜು. ಬೆನ್ನ ಹಿಂದೆ ನಿಂತು ಅಷ್ಟನ್ನೂ ಓದಿದ ರಘುನಂದನ್ ಸೀದಾ ಹೊರಗೆ ಹೋದ. ಕೆಲಸ ಹೋಯಿತು ಎಂದುಕೊಂಡಳು. ಆದರೂ ಎದೆ ಹಗುರಾಗಿತ್ತು.

ಹತ್ತು ನಿಮಿಷಕ್ಕೆ ವಾಪಸ್ಸು ಬಂದ ಅವನು ಇನ್ನೊಂದು ಹಾಳೆ ಮೇಜಿನ ಮೇಲಿಟ್ಟ.

"ನಿನ್ನದನ್ನ ಹರಿದು ಹಾಕು. ಸ್ಟೀಮ್ ಜಾಸ್ತಿ ಬಿಟ್ಟಿದ್ದು ನಾನೇ ಅಂತ ಮಾದಯ್ಯನೇ ಒಪ್ಪಿ ರುಜು ಹಾಕಿದ್ದಾನೆ."

ವೀಣ ಎರಡೂ ಹಾಳೆ ಹಿಡಿದು ಓಡಿದಳು. ಗೇಟಿನ ಹತ್ತಿರ ಮಾದಯ್ಯ ಆಟೋ ಹತ್ತಿ ಕೂತಾಗಿತ್ತು.

"ಯಾಕಣ್ಣ ಸುಳ್ಳಿಗೆ ರುಜು ಹಾಕಿದ್ರಿ?"

"ಮೇಡಮ್ಮೋರು ಎಲ್ಲಾನೂ ತಮ್ ಮ್ಯಾಲೇ ಬರ್ಕತಾವ್ರೆ, ಅವ್ರ ಕೆಲ್ಸ ಓಯ್ತದೆ ಅಂದ್ರು ಸಾಹೇಬ್ರು. ನಂಗೇನವ್ವ, ಯಾವ್ದಾರಾ ಆಲೆಮನೆ ಸಿಕ್ತದೆ."

ಅವನ ರುಜುವಿದ್ದ ಹಾಳೆಯನ್ನೇ ದಿಟ್ಟಿಸುತ್ತ ನಿಂತ ವೀಣಳನ್ನು ಕಂಡು ಮಾದಯ್ಯನಿಗೆ ಗಾಬರಿಯಾಯಿತು.

"ಯಾಕವ್ವ, ಸರೀಗ್ ಬಂದಿಲ್ವಾ? ಎಡಗೈಲಿ ಹಾಕ್ದೆ ಕಣವ್ವ. ನಡೀತದಲ್ವಾ?"